ಹಗ್ಗ ಬಿಟ್ಟು ಮುಂದೆ ಓಡಿದವಳು

ಈಗಿನವರು ಇದಕ್ಕೆ ಅಲುಮ್ನಿ ಮೀಟ್ ಎನ್ನುತ್ತಾರೆ. ಪಂಪ್‌ವೆಲ್ ಹತ್ತಿರ ಒಂದು ಎ.ಸಿ. ಹಾಲ್, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಊಟ, ಹತ್ತು ಸಲ ಫೋಟೊ, ಮುಗಿಯಿತು. ನಾನೂ ಹೋಗುತ್ತೇನೆ, ಬಂದು ಬೈಯುತ್ತೇನೆ. ಅರುವತ್ತರ ದಶಕದ ಕೊನೆಯಲ್ಲಿ ನಾವು ಹೈಸ್ಕೂಲಿನಲ್ಲಿದ್ದಾಗ ಅದು ಹಳೆ ವಿದ್ಯಾರ್ಥಿನಿಯರ ದಿನ. ಅವತ್ತಿನ ಜೀವವೇ ಹಗ್ಗಜಗ್ಗಾಟ.

ಒಂದು ಕಡೆ ಶಾಲೆ ಬಿಟ್ಟು ಹೋದವರು, ಇನ್ನೊಂದು ಕಡೆ ಕೊನೆಯ ತರಗತಿಯವರು. ಗೆದ್ದವರು ಬಾಳೆಲೆಯ ಮುಂದೆ ಕೂರಬೇಕು. ಸೋತವರು ಬಡಿಸಬೇಕು, ಆಮೇಲೆ ಪಾತ್ರೆಯನ್ನೂ ತೊಳೆಯಬೇಕು. ನಾನು ಆ ಶಾಲೆ ಸೇರಿದ ಮೇಲೆ ಪ್ರತಿ ವರ್ಷ ಬಡಿಸಿದ್ದು ಮಕ್ಕಳೇ. ಬರುವವರೇನು ಕಡಿಮೆಯವರಾ? ರೋಗಿಗಳನ್ನು ಎತ್ತಿ ಮಲಗಿಸುವ ನರ್ಸುಗಳು, ಮೂರು ಮಕ್ಕಳನ್ನು ಹೆತ್ತು ದಿನಾ ಬಾವಿಯಿಂದ ನೀರು ಸೇದುವ ಗಟ್ಟಿಗಿತ್ತಿಯರು. ಬಳೆ ಬಿಚ್ಚಿ ನಮ್ಮ ಶಾಲೆಯ ಕನ್ಯಾಸ್ತ್ರೀ ಸಿಸ್ಟರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಹಗ್ಗ ಹಿಡಿದರೆ ನೋಡಲು ಎರಡು ಕಣ್ಣು ಸಾಲದು.

ನಾವು ಕೊನೆಯ ತರಗತಿಗೆ ಬಂದ ವರ್ಷ ತಂಡಕ್ಕೆ ನಾನು ನಾಯಕಿ. ಈ ಸಲ ಹಳಬರ ಕೈಯಲ್ಲೇ ಬಡಿಸಿಸುತ್ತೇವೆ ಎಂದು ಇಡೀ ಶಾಲೆಯೆದುರು ಜಂಬ ಕೊಚ್ಚಿಕೊಂಡಿದ್ದೆ. ಸೋತರೆ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ. ಹಗ್ಗದ ಹಿಂದಿನ ತುದಿಗೆ ಬಲವಾದ ಒಬ್ಬಳು ಬೇಕಿತ್ತು. ಬಂದರಿನ ಒಬ್ಬ ಹುಡುಗಿ ನಮ್ಮ ಕ್ಲಾಸಿನಲ್ಲಿದ್ದಳು. ಅಪ್ಪ ಕಡಲಿಗೆ ಹೋಗುವವರು, ಅಮ್ಮ ಮೀನು ಮಾರುವವರು. ರಜೆ ಬಂದರೆ ಅವಳೂ ಹೊಳೆ ದಾಟಿ ಕಡಲ ಕರೆಗೆ ಹೋಗಿ ಮನೆಯವರ ಜೊತೆ ರಂಪಣಿ ಬಲೆ ಎಳೆಯುತ್ತಿದ್ದಳು. ದೋಣಿಯವರು ನೀರಿನಲ್ಲಿ ಸುತ್ತು ಹಾಕಿ ಬಿಟ್ಟ ಬಲೆಯನ್ನು ದಡದಲ್ಲಿ ನಿಂತು ಹಗ್ಗದಿಂದ ಎಳೆದು ತರುವ ಕೆಲಸ ಅದು. ಅವಳ ಅಂಗೈ ಮರದ ಹಲಗೆಯ ಹಾಗಿತ್ತು.

ಅವಳು ಹತ್ತಿರ ಬಂದರೆ ಕೆಲವರು ಮೂಗು ಮುಚ್ಚುತ್ತಿದ್ದರು. ನಾನು ಮುಚ್ಚುತ್ತಿರಲಿಲ್ಲ, ಮುಚ್ಚಿದವರಿಗೆ ಒಂದು ಮಾತು ಹೇಳಲೂ ಇಲ್ಲ. ಅವಳನ್ನು ಕರೆದದ್ದು ಸ್ನೇಹಕ್ಕಲ್ಲ, ತೋಳಬಲಕ್ಕೆ. ಸುಳ್ಳು ಯಾಕೆ ಹೇಳಲಿ? ಒಂದು ವಾರ ಮೈದಾನದ ಮಾವಿನ ಮರಕ್ಕೆ ಹಗ್ಗ ಕಟ್ಟಿ ಎಳೆದು ಅಭ್ಯಾಸ ಮಾಡಿದೆವು. ಮರ ತಿರುಗಿ ಎಳೆಯುವುದಿಲ್ಲ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ.

ಮೊದಲನೆಯ ಸುತ್ತು ನಮಗೆ ಬಂತು, ಎರಡನೆಯದು ಅವರಿಗೆ. ಮೂರನೆಯದರಲ್ಲಿ ಎಲ್ಲರ ಮುಂದೆ ನಾನು, ಎಲ್ಲರ ಹಿಂದೆ ಅವಳು. ಹಳಬರು ಗೆರೆಯ ಹತ್ತಿರ ಬಂದೇ ಬಿಟ್ಟರು, ನಾವು ಗೆಲ್ಲಲು ಇನ್ನೊಂದು ಗೇಣು ಸಾಕಿತ್ತು. ಧೂಳು ಏಳದಿರಲಿ ಎಂದು ನೆಲಕ್ಕೆ ನೀರು ಚಿಮುಕಿಸಿದ್ದರು. ನನ್ನ ಬಲಗಾಲು ಸರ್ರನೆ ಜಾರಿತು, ಮೊಣಕಾಲು ನೆಲಕ್ಕೆ ಬಡಿಯಿತು. ಅಷ್ಟರಲ್ಲಿ ಹಿಂದೆ ಹಗ್ಗ ಸಡಿಲಾಯಿತು. ನೋಡಿದರೆ, ಹಿಂದೆ ಇರಬೇಕಾದವಳು ಓಡಿ ಬಂದು ನನ್ನ ಮುಂದೆ ಹಗ್ಗ ಹಿಡಿದು ನಿಂತಿದ್ದಾಳೆ! ಹಿಂದಿನ ಭಾರ ಇಲ್ಲದೆ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಗೆರೆಯ ಆಚೆ ಹೋದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನ್ನ ಸಿಟ್ಟು ಈಗಲೂ ಮೂಗಿನ ತುದಿಯಲ್ಲೇ ಉಂಟು, ಆಗ ಕೇಳಬೇಕಾ? ಎಲ್ಲರೆದುರು ಕೇಳಿಯೇ ಬಿಟ್ಟೆ:

“ನಿನಗೆ ಎಂತ ಮರ್ಲಾ, ತಲೆ ಸಮ ಇಲ್ವಾ? ಇದು ಶಾಲೆ ಮಾರಾಯ್ತಿ, ನಿಮ್ಮ ಮೀನಿನ ಬಲೆ ಅಲ್ಲ!”

ಕೆಲವರು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮುಖ ಕೆಂಪಾಯಿತು, ಆದರೆ ತಲೆ ತಗ್ಗಲಿಲ್ಲ. ಸೀದಾ ಹೋಗಿ ಅನ್ನದ ಪಾತ್ರೆ ಎತ್ತಿಕೊಂಡಳು. ನಾನು ಸಾರಿನ ಬಕೆಟ್ ಹಿಡಿದು ಮುಖ ಊದಿಸಿಕೊಂಡು ಅವಳ ಹಿಂದೆ ಹೋದೆ. ಊಟದ ಸಾಲಿನಲ್ಲಿ ಒಬ್ಬರು ನರ್ಸು, ಹಗ್ಗ ಬಿಟ್ಟು ಓಡಿದ ಮಹಾರಾಣಿ ಯಾರು ಎಂದು ಕೇಳಿದರು. “ನಾನೇ ಅಕ್ಕ, ನನ್ನಿಂದಲೇ ನಿಮಗೆ ಈ ಊಟ, ಇನ್ನೆರಡು ಸೌಟು ಹಾಕ್ಲಾ?” ಎಂದಳು ಇವಳು. ಇಡೀ ಸಾಲು ನಕ್ಕಿತು, ಅವಳೂ ನಕ್ಕಳು. ಸೋತ ಮೇಲೆ ಹಾಗೆ ನಿಲ್ಲಲು ನನಗೆ ಈ ವಯಸ್ಸಿನಲ್ಲೂ ಬರುವುದಿಲ್ಲ.

ಪಾತ್ರೆ ತೊಳೆಯುವಾಗ ನಳ್ಳಿಯ ಹತ್ತಿರ ನಾವಿಬ್ಬರೇ ಇದ್ದೆವು. ಒಳಗಿನ ಉರಿ ತಡೆಯಲಾಗದೆ, ಯಾಕೆ ಹಾಗೆ ಮಾಡಿದೆ ಎಂದು ಮತ್ತೆ ಕೇಳಿದೆ. ಅವಳು ತಪ್ಪಲೆ ಉಜ್ಜುತ್ತಾ ನಿಧಾನಕ್ಕೆ ಹೇಳಿದಳು. ಬಲೆ ಎಳೆಯುವಾಗ ಎಲ್ಲರೂ ಹಿಂದೆ ಹಿಂದೆ ನಡೆಯುತ್ತಾರೆ. ಕೊನೆಗೆ ತಲುಪಿದವರು ಹಗ್ಗ ಬಿಟ್ಟು ಓಡಿ ಹೋಗಿ ನೀರಿನ ಹತ್ತಿರ ಮತ್ತೆ ಹಿಡಿಯಬೇಕು. ಎದುರು ಯಾರಿಗಾದರೂ ಕಾಲು ತಪ್ಪಿದರಂತೂ ಹಿಂದಿನವರು ಕಾಯುವ ಹಾಗೆಯೇ ಇಲ್ಲ. ಚಿಕ್ಕಂದಿನಿಂದ ಕಾಲಿಗೆ ಅದೇ ಅಭ್ಯಾಸ.

“ನೀನು ಬೀಳುವುದು ಕಂಡಿತು,” ಎಂದಳು. “ಎದುರು ಕಡಲು ಇಲ್ಲ ಅಂತ ನೆನಪೇ ಆಗ್ಲಿಲ್ಲ ನನಗೆ.”

ನನ್ನ ಹಿಂದೆ ಅಷ್ಟು ಜನ ಇದ್ದರು, ಎಲ್ಲ ನನ್ನ ಗೆಳತಿಯರೇ. ಗೆಲ್ಲುವುದನ್ನು ಮರೆತು ನನಗಾಗಿ ಓಡಿ ಬಂದವಳು ಇವಳೊಬ್ಬಳು. ನಾನು ಅವಳಿಗೆ ಆಡಿದ ಮಾತು ನೆನೆದು ನನಗೆ ನಾಚಿಕೆಯಿಂದ ಅಳು ಬಂತು. ತಪ್ಪಾಯ್ತು ಎಂದೆ. ಅವಳು ತಪ್ಪಲೆ ಕೆಳಗಿಟ್ಟಳು. ನನ್ನ ಲಂಗವನ್ನು ಸ್ವಲ್ಪ ಮೇಲೆ ಸರಿಸಿ, ಮಣ್ಣು ಮೆತ್ತಿದ ಮೊಣಕಾಲಿಗೆ ನೀರು ಹೊಯ್ದು, ಆ ಒರಟು ಕೈಯಲ್ಲಿ ಗಾಯ ತೊಳೆಯತೊಡಗಿದಳು.