ಐದೂವರೆ ಬಸ್ಸಿನವರ ನಿದ್ದೆ

ನನ್ನ ಮದುವೆಯಾಗಿ ಎರಡನೇ ವರ್ಷ. ದಾವಣಗೆರೆಯ ಮಂಡಿಪೇಟೆಯ ಹಿಂದೆ ಒಂದು ಓಣಿಯಲ್ಲಿ ನಾನು, ನನ್ನ ಗಂಡ, ಅತ್ತೆ, ಮೂವರೇ ಇದ್ದೆವು. ನನ್ನ ಗಂಡ ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಐದೂವರೆಗೆ ದಾವಣಗೆರೆ ಬಿಟ್ಟು, ಹರಿಹರದಲ್ಲಿ ನಿಂತು, ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋಗುವ ಮೊದಲ ಬಸ್ಸು ಅವರದು.

ಒಂದು ಮಧ್ಯಾಹ್ನ ಅವರ ಬಸ್ಸಿನ ಕಂಡಕ್ಟರು ಒಬ್ಬರೇ ಮನೆಗೆ ಬಂದರು. ವಯಸ್ಸಾದ ಮನುಷ್ಯ, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ನೀರು ಕೊಟ್ಟರೂ ಕುಡಿಯದೆ ಹೊಸ್ತಿಲಲ್ಲೇ ನಿಂತರು.

"ತಂಗಿ, ನಿನ್ನ ಗಂಡ ಹೇಳಲ್ಲ, ಅದ್ಕೇ ನಾನೇ ಬಂದೀನಿ. ಇವತ್ತು ಸೇತುವೆ ಮ್ಯಾಲೆ ಕಣ್ಣು ಮುಚ್ಚಿಬಿಟ್ಟಿದ್ದ. ನಾನು ಒದರಿದ್ದಕ್ಕೆ ಸ್ಟೇರಿಂಗ್ ತಿರುಗಿಸಿದ. ಬಸ್ಸು ಕಟ್ಟೆಗೆ ಉಜ್ಜಿ ಒಂದು ಕಡೆ ತಗಡು ಕಿತ್ತು ಬಂದೈತೆ. ಒಳಗೆ ಕೂಸುಗಳಿದ್ವು, ಬಸುರಿ ಹೆಂಗಸು ಒಬ್ಬಾಕಿ ಇದ್ಲು."

"ಮಾಲೀಕರಿಗೆ ಗೊತ್ತಾತಾ?"

"ಗೊತ್ತಾಗ್ದೆ ಇರ್ತದಾ? ಎಂಟು ದಿನ ನೋಡ್ತೀನಿ ಅಂದಾರೆ. ಇನ್ನೊಂದ್ಸಲ ತೂಕಡಿಸಿದ್ರೆ ಕೆಲಸಕ್ಕೆ ಬರೋದು ಬ್ಯಾಡ ಅಂದಾರೆ."

ಅವರು ಹೋದ ಮೇಲೆ ನಾನು ಅಲ್ಲೇ ಗೋಡೆಗೆ ಒರಗಿ ಕುಳಿತೆ. ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷ ಸುಮ್ಮನಿದ್ದೆ. ಮದುವೆಗೆ ಮುಂಚೆ ಒಂದು ದಿನ ಅಲಾರಂ ಹೊಡೆಯದೆ ಅವರು ತಡವಾಗಿ ಎದ್ದಿದ್ದರಂತೆ. ಬಸ್ಸನ್ನು ಬೇರೆಯವರು ತೆಗೆದುಕೊಂಡು ಹೋಗಿ, ಇವರು ಎರಡು ತಿಂಗಳು ಮನೆಯಲ್ಲಿ ಕೂರಬೇಕಾಯಿತಂತೆ. ಅಂದಿನಿಂದ ಅಲಾರಂ ನಂಬದೆ ಗಡಿಯಾರವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಗಂಟೆಗೊಮ್ಮೆ ಎದ್ದು ಕಡ್ಡಿ ಗೀರಿ ಮುಳ್ಳು ನೋಡುವರು. ಹಗಲು ನಿದ್ದೆ ಬಾರದಿರಲೆಂದು ಚಹಾ, ಸಂಜೆ ಸ್ಟ್ಯಾಂಡಿನಲ್ಲಿ ಗೆಳೆಯರ ಜೊತೆ ಮತ್ತೆ ಚಹಾ. ಡ್ರೈವರುಗಳೆಲ್ಲ ಹೀಗೇ ಇರಬೇಕು ಅಂದುಕೊಂಡಿದ್ದೆ.

ಸಂಜೆ ಅವರು ಬಂದಾಗ ನೇರವಾಗಿ ಕೇಳಿದೆ. ಸಿಟ್ಟಿನಿಂದ ಟವೆಲ್ಲನ್ನು ಗೂಟಕ್ಕೆ ಎಸೆದರು.

"ಯಾರು ಹೇಳಿದ್ರು? ಆ ಕಂಡಕ್ಟರ್ ಏನು?"

"ಯಾರಾದ್ರೂ ಹೇಳ್ಲಿ. ಹೌದೋ ಅಲ್ವೋ?"

ನಾನು ತಂದಿಟ್ಟ ಚಹಾದ ಲೋಟ ಕೈಗೆತ್ತಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಕಣ್ಣು ಮುಚ್ಚಿದ್ದು ನನಗೇ ತಿಳೀಲಿಲ್ಲ ಕಣೇ. ಅದೇ ನಂಗೆ ಹೆದ್ರಿಕೆ" ಎಂದರು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಹೊರಬಂದವರೇ ಮಗನ ಕೈಯಲ್ಲಿದ್ದ ಚಹಾದ ಲೋಟ ಕಿತ್ತುಕೊಂಡರು. "ಇವತ್ತಿಂದ ಹೊತ್ತು ಮುಳುಗಿದ ಮ್ಯಾಲೆ ಚಾ ಇಲ್ಲ. ಸ್ಟ್ಯಾಂಡಿಗೂ ಹೋಗಂಗಿಲ್ಲ. ದೀಪ ಹಚ್ಚೋದ್ರಾಗೆ ಉಂಡು ಮುಗಿಸ್ಬೇಕು."

ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಕೊಟ್ಟರು, ಹೊಟ್ಟೆ ಭಾರವಾಗಬಾರದು ಅಂತ. ಕಾಲಿಗೆ ಬಿಸಿನೀರು ಹೊಯ್ದು, ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು. ಮೂವತ್ತು ವರ್ಷದ ಮಗ ಹೆಂಡತಿಯ ಎದುರು ನಾಚಿ ಕಾಲು ಎಳೆದುಕೊಂಡರೆ, "ಸಣ್ಣಾವಿದ್ದಾಗ ಹಿಂಗೇ ಮಲಗಿಸಿದ್ದೀನಿ, ಸುಮ್ನೆ ಕೂಡು" ಎಂದು ಗದರಿಸಿದರು.

ನಾನು ಗಡಿಯಾರ ತೆಗೆದುಕೊಂಡು ಅಡುಗೆಮನೆಯಲ್ಲಿಟ್ಟೆ.

"ಇನ್ಮ್ಯಾಲೆ ಎಬ್ಬಿಸೋದು ನನ್ನ ಕೆಲಸ. ನೀವು ಟೈಮ್ ನೋಡಬ್ಯಾಡ್ರಿ."

"ನೀನು ಎಬ್ಬಿಸದಿದ್ರೆ?"

"ಎಬ್ಬಿಸ್ತೀನಿ ಅಂದೆನಲ್ಲ."

ಮೊದಲ ಎರಡು ರಾತ್ರಿ ಕಷ್ಟವಾಯಿತು. ಕತ್ತಲಲ್ಲಿ ಮತ್ತೆ ಮತ್ತೆ "ಎಷ್ಟಾತು?" ಎಂಬ ಪ್ರಶ್ನೆ. "ಇನ್ನೂ ಬಾಳ ಹೊತ್ತೈತೆ, ಮಲಕ್ಕಳ್ರಿ" ಎನ್ನುತ್ತಿದ್ದೆ. ಮೂರನೆಯ ರಾತ್ರಿ ಒಂದೇ ಸಲ ಕೇಳಿದರು. ನಾಲ್ಕನೆಯ ರಾತ್ರಿ ಕೇಳಲೇ ಇಲ್ಲ. ಕಂಡಕ್ಟರಣ್ಣ ಮಧ್ಯಾಹ್ನ ಓಣಿಯ ತುದಿಯಿಂದಲೇ ಕೈ ಎತ್ತಿ ಎಲ್ಲ ಸರಿ ಇದೆ ಎಂದು ತೋರಿಸಿ ಹೋಗುತ್ತಿದ್ದರು. ಆ ಕೈ ಕಾಣುವ ತನಕ ನನಗೆ ಊಟ ಸೇರುತ್ತಿರಲಿಲ್ಲ.

ಆದರೆ ಅವರ ನಿದ್ದೆಗೇಡು ಈಗ ನನಗೆ ಅಂಟಿಕೊಂಡಿತ್ತು. ಎಲ್ಲಿ ತಪ್ಪಿಹೋಗುತ್ತದೋ ಎಂದು ಎದ್ದೆದ್ದು ಗಡಿಯಾರ ನೋಡಿ ನೋಡಿ ತಲೆ ಗಿರ್ ಎನ್ನುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ರೊಟ್ಟಿ ಹೆಂಚಿಗೆ ಕೈ ಸುಟ್ಟುಕೊಂಡೆ.

ಆರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಗಿರಣಿಯ ಸೈರನ್ನಿಗೆ. ಅದು ಕೂಗುವ ಹೊತ್ತಿಗೆ ಬಸ್ಸು ಸ್ಟ್ಯಾಂಡ್ ಬಿಟ್ಟಿರಬೇಕಿತ್ತು. ಅವರು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಭುಜ ಹಿಡಿದು ಅಲುಗಿಸಿದೆ. ಅವರು ಬೆಳಕು ಕಂಡರು, ನನ್ನ ಮುಖ ಕಂಡರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಖಾಕಿ ಅಂಗಿ ತೊಟ್ಟು ಗುಂಡಿ ಹಾಕುತ್ತಲೇ ಓಡಿದರು. ನಾನೂ ಸೆರಗು ಹೊದ್ದು ಹಿಂದೆಯೇ ಓಡಿದೆ. ಓಣಿಯ ಹೆಂಗಸರು ನೀರು ಹಾಕುವುದನ್ನು ಬಿಟ್ಟು ನಮ್ಮನ್ನೇ ನೋಡಿದರು.

ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು. ಒಳಗೆ ಜನ ಕೂಗಾಡುತ್ತಿದ್ದರು. ಬಾಗಿಲ ಬಳಿ ಮಾಲೀಕರೇ ನಿಂತಿದ್ದರು.

"ತಪ್ಪು ನಂದ್ರಿ," ಎಂದೆ, ಏದುಸಿರಿನಲ್ಲೇ. "ಎಬ್ಬಿಸ್ಬೇಕಾದಾಕಿ ನಾನು. ನಾನೇ ಮಲಗಿಬಿಟ್ಟೆ."

ಮಾಲೀಕರು ನನ್ನತ್ತ ತಿರುಗಲಿಲ್ಲ. ನನ್ನ ಗಂಡನ ಮುಖವನ್ನೇ ನೋಡುತ್ತಿದ್ದರು.

"ನಿದ್ದೆ ಆತೇನಪ್ಪ?"

"ಆತ್ರಿ."

"ಹತ್ತು ಮೊದ್ಲು. ಮಾತು ಆಮ್ಯಾಲೆ."

ಕಂಡಕ್ಟರಣ್ಣ ನನ್ನ ಕಡೆ ತಿರುಗಿ, "ನೀನೂ ಹತ್ತು ತಂಗಿ. ಹರಿಹರದಾಗೆ ತವರುಮನೆ ನೋಡ್ಕಂಡು ಬರುವಿಯಂತೆ" ಎಂದರು. ಡ್ರೈವರ್ ಸೀಟಿನ ಹಿಂದೆಯೇ ಜಾಗ ಕೊಡಿಸಿದರು.

ಹರಿಹರ ಬಂತು. ಬಹಳ ಜನ ಇಳಿದರು. ನಾನು ಇಳಿಯಲಿಲ್ಲ. ಸೇತುವೆ ಇನ್ನೂ ಮುಂದಿತ್ತು. ಬಸ್ಸು ಅದರ ಮೇಲೆ ಹತ್ತಿದಾಗ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೆ. ನಡುವೆ ಒಂದು ಕಡೆ ಕಟ್ಟೆಯ ಗಾರೆ ಕಿತ್ತು ಒಳಗಿನ ಕಲ್ಲು ಕಾಣುತ್ತಿತ್ತು. ಅದೇ ಜಾಗ. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಅಷ್ಟರಲ್ಲಿ ಎದುರಿಗೆ ಹತ್ತಿ ತುಂಬಿದ ಗಾಡಿ ಬಂತು. ಅವರು ದೂರದಿಂದಲೇ ಹಾರನ್ ಹೊಡೆದು, ವೇಗ ತಗ್ಗಿಸಿ, ಎತ್ತುಗಳು ಬೆದರದಂತೆ ಬಸ್ಸನ್ನು ಬದಿಗೆ ತಂದು ನಿಲ್ಲಿಸಿದರು. ಗಾಡಿ ದಾಟಿತು. ಕನ್ನಡಿಯಲ್ಲಿ ಅವರ ಕಣ್ಣು ಕಂಡವು. ಎಷ್ಟೋ ತಿಂಗಳಿಂದ ಕೆಂಪಗಿದ್ದ ಕಣ್ಣು ಅಂದು ತಿಳಿಯಾಗಿದ್ದವು.

ಆಚೆ ದಡ ಸೇರಿದ ಮೇಲೆ ಅವರು ತಿರುಗದೆಯೇ ಕೇಳಿದರು, "ಹರಿಹರ ದಾಟ್ತಲ್ಲ, ಇಳೀಲಿಲ್ಲೇನು?"

ಸೆರಗಿನಿಂದ ಮುಖ ಒರೆಸಿಕೊಂಡೆ.

ಮಾಲೀಕರು ಸಂಜೆ ಅವರನ್ನು ನಿಲ್ಲಿಸಿಕೊಂಡು ಚೆನ್ನಾಗಿ ಬೈದರಂತೆ. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಯಾವುದಕ್ಕೆ ಹೆದರಿ ಇವರು ವರ್ಷಗಟ್ಟಲೆ ನಿದ್ದೆ ಕೆಡಿಸಿಕೊಂಡಿದ್ದರೋ ಅದೇ ನಡೆದುಹೋಗಿತ್ತು. ಆದರೂ ಮರುದಿನ ಬಸ್ಸು ಇವರ ಕೈಯಲ್ಲೇ ಇತ್ತು. ಅದಾದ ಮೇಲೆ ದಿಂಬಿಗೆ ತಲೆ ಕೊಟ್ಟರೆ ನಿದ್ದೆ ಹೋಗುತ್ತಿದ್ದರು. ಬೆಳಿಗ್ಗೆ ಏಳುವಾಗ ಮುಖ ಸಿಂಡರಿಸುತ್ತಿರಲಿಲ್ಲ, ಅತ್ತೆಯ ಜೊತೆ ಒಂದೆರಡು ಮಾತಾಡಿಯೇ ಹೊರಡುತ್ತಿದ್ದರು. ಸ್ವಲ್ಪ ದಿನದಲ್ಲೇ ಮಾಲೀಕರು ಮೊದಲ ಪಾಳಿಯ ಡ್ರೈವರುಗಳ ಮನೆ ಬಾಗಿಲು ತಟ್ಟಿ ಬರಲು ಸ್ಟ್ಯಾಂಡಿನ ಕಾವಲುಗಾರನಿಗೆ ಒಂದು ಸೈಕಲ್ ಕೊಟ್ಟರು.

ನನಗೆ ನೆಮ್ಮದಿಯಾಗಿ ಮಲಗುವ ಅಭ್ಯಾಸ ಮರಳಿ ಬರಲು ಮಾತ್ರ ಇನ್ನೂ ಎರಡು ತಿಂಗಳು ಹಿಡಿಯಿತು.