ಪಹಣಿ ಕೇಳಿದವರಿಗೆ ಕಾದಂಬರಿ

ನನ್ನ ಬ್ಲಾಗಿಗೆ ‘ಪುಸ್ತಕದ ಪಹಣಿ’ ಎಂದು ಹೆಸರಿಟ್ಟ ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ. ಆಗ ಗಂಡನ ಮನೆಯ ಜಮೀನು ಪಾಲಾಗಿ ಹಿಸ್ಸೆ, ಪೋಡಿ ಎಂದು ಶಿಕಾರಿಪುರದಲ್ಲಿ ಓಡಾಟ ನಡೆದಿತ್ತು. ಊಟಕ್ಕೆ ಕೂತರೂ ಅದೇ ಮಾತು. ಪಹಣಿಯಲ್ಲಿ ಯಾರ ಹೆಸರಿದೆ, ಉಳಲು ಬಾರದ ಖರಾಬು ಎಷ್ಟು, ಬೆಳೆ ಏನೆಂದು ಬರೆದಿದ್ದಾರೆ, ಋಣದ ಕಾಲಂ ಖಾಲಿ ಇದೆಯೋ ಇಲ್ಲವೋ. ಕೇಳಿ ಕೇಳಿ ಕಿವಿ ತೂತಾಗಿ, ಓದಿದ ಪುಸ್ತಕಗಳಿಗೂ ಒಂದೊಂದು ಪಹಣಿ ಮಾಡಿದರೆ ಹೇಗೆ ಎನ್ನಿಸಿತು.

ಮಾಡಿಯೂ ಬಿಟ್ಟೆ. ಹಕ್ಕುದಾರರು ಎಂದರೆ ಬರೆದವರು. ಬೆಳೆ ಎಂದರೆ ಕಥೆ. ನೀರುಂಡ ಗದ್ದೆಯ ಹಾಗೆ ಮೆತ್ತಗೆ ಓದಿಸಿಕೊಂಡರೆ ತರಿ, ಒಣಒಣ ಎಂದರೆ ಖುಷ್ಕಿ. ನಾನು ಹಾರಿಸಿ ಓದಿದ ಪುಟಗಳು ಖರಾಬು. ಕೊನೆಯಲ್ಲಿ ಹಕ್ಕು ಮತ್ತು ಋಣ ಎಂಬ ಕಾಲಂ. ಪುಸ್ತಕ ಮುಗಿಯುವಾಗ ಯಾರು ಯಾರಿಗೆ ಏನು ಬಾಕಿ ಉಳಿಸಿಕೊಂಡರು ಎಂಬುದಕ್ಕೆ ಅಲ್ಲಿ ಜಾಗ. ಎಂಥ ಜಾಣೆ ನೀನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲ ಪ್ರತಿಕ್ರಿಯೆ ಬಂದಾಗ ಖುಷಿಯಿಂದ ಚಹಾ ಉಕ್ಕಿಸಿದೆ. ತೆರೆದು ನೋಡಿದರೆ, ‘ಸರ್, ನಮ್ಮದು ಅಂಜನಾಪುರ ಹೋಬಳಿ. ತಂದೆಯ ಹೆಸರಿನ ಪಹಣಿ ಕಳಿಸಿ, ಅರ್ಜೆಂಟ್’ ಎಂದಿತ್ತು.

ಜನ ಫೋನಿನಲ್ಲಿ ಪಹಣಿ ಎಂದು ಹುಡುಕುತ್ತಾರೆ, ಅದು ಹೇಗೋ ನನ್ನ ಅಂಗಳಕ್ಕೆ ತಂದು ಬಿಡುತ್ತದೆ. ಅಲ್ಲಿ ತರಿ, ಖುಷ್ಕಿ, ಖರಾಬು ಎಲ್ಲ ಇದೆ. ಸರ್ಕಾರದ್ದೇ ಇರಬೇಕು ಎಂದುಕೊಂಡು ಸರ್ವೆ ನಂಬರು ಬರೆದು ಕಾಯುತ್ತಾರೆ. ಮೂರು ವಾರ ಕೂತು ಬರೆದ ಲೇಖನದ ಕೆಳಗೆ, ‘ಚಾನಲ್ ಕೆಳಗಿನ ಗದ್ದೆ ತರಿ ಅಂತ ಇರಬೇಕಿತ್ತು, ಖುಷ್ಕಿ ತೋರಿಸುತ್ತಿದೆ, ತಿದ್ದಿಕೊಡಿ’ ಎಂದು ಒಬ್ಬರು. ‘ಎರಡು ಸಲ ಕೇಳಿದರೂ ಉತ್ತರವಿಲ್ಲ, ಇದೇನಾ ನಿಮ್ಮ ಸೇವೆ’ ಎಂದು ಇನ್ನೊಬ್ಬರು. ನಾನು ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದಿನವೂ ಶಿಕಾರಿಪುರದಿಂದ ಹೋಗಿ ಬರುವ ಬಸ್ಸಿನಲ್ಲಿ ಓದುತ್ತೇನೆ, ಅದೇ ಬಸ್ಸಿನಲ್ಲಿ ಬರೆಯುತ್ತೇನೆ. ಯಾರ ಗದ್ದೆಯನ್ನೂ ತರಿ ಮಾಡುವ ಶಕ್ತಿ ನನಗಿಲ್ಲ.

ನನಗೆ ಬೇಕಾಗಿದ್ದು ಹೆಚ್ಚೇನಲ್ಲ. ನಾನು ಬರೆದದ್ದನ್ನು ಓದಿ, ಆ ಪುಸ್ತಕದ ಬಗ್ಗೆ ನನ್ನೊಡನೆ ಮಾತಾಡುವ ಒಬ್ಬರು. ಒಬ್ಬರು ಸಾಕು. ಸ್ಟಾಫ್‌ರೂಮಿನಲ್ಲಿ ಟಿಎ ಬಿಲ್ಲಿನ ಮಾತು, ಮನೆಯಲ್ಲಿ ಮೋಟಾರಿನ ಮಾತು. ಪುಸ್ತಕದ ಮಾತಾಡಲು ನನಗೆ ಜನವೇ ಇಲ್ಲ, ಅದಕ್ಕೇ ಈ ಬ್ಲಾಗು. ಈ ಬೇಸಿಗೆಯೊಳಗೆ ಅಂಥ ಒಬ್ಬರು ಸಿಗದಿದ್ದರೆ ಮುಚ್ಚಿಬಿಡುತ್ತೇನೆ ಎಂದು ಗಂಡನ ಎದುರು ಹೇಳಿದೆ. ಅವರು ಹಪ್ಪಳ ಮುರಿಯುತ್ತಿದ್ದರು.

ನನ್ನ ಗಂಡನದು ಪಂಪ್‌ಸೆಟ್ ಅಂಗಡಿ. ಎಲ್ಲದಕ್ಕೂ ಅವರ ಹತ್ತಿರ ಅಂಗಡಿಯದೇ ಉತ್ತರ.

“ಜನ ಕೇಳೋದು ಪಹಣಿ, ನೀನು ಕೊಡೋದು ಕಥೆ. ಮೋಟ್ರು ಬೇಕು ಅಂತ ಬಂದೋರಿಗೆ ನಾನು ಪಂಚಾಂಗ ಕೊಟ್ಟು ಕಳಿಸ್ತೀನಾ?”

“ಹಂಗಾದ್ರೆ ಏನ್ ಮಾಡ್ಲಿ?”

“ಪಹಣೀನೇ ಕೊಡು. ಹೆಂಗೆ ತೆಗಿಯೋದು, ಖಾತೆ ಹೆಂಗೆ ಬದ್ಲಾಯ್ಸೋದು, ಎಲ್ಲ ಬರಿ. ದಿನಾ ಸಾವಿರ ಜನ ಬರ್ತಾರೆ. ಮೂಲೇಲಿ ನಿನ್ನ ಪುಸ್ತಕ ಇಟ್ಕೋ, ಯಾರು ಬೇಡ ಅಂದ್ರು?”

ನನ್ನ ಮನೆಯಲ್ಲೇ ನನಗೆ ಮೂಲೆ ಕೊಡುವ ಈ ಔದಾರ್ಯಕ್ಕೆ ಮೈ ಪರಚಿಕೊಳ್ಳುವ ಹಾಗಾಯಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೂ ಸಿಗಲಿಲ್ಲ, ಅದು ಇನ್ನಷ್ಟು ಸಿಟ್ಟು ತರಿಸಿತು.

ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಬೇರೆಯದೇ ಹುಕಿ. “ಮೇಡಂ, ಈಗ ಯಾರು ಓದ್ತಾರೆ ಮಾರಾಯ್ರೆ? ರೀಲ್ಸ್ ಮಾಡಿ. ಒಂದು ನಿಮಿಷಕ್ಕೆ ಒಂದು ಕಾದಂಬರಿ.” ಬೇಡವೆಂದರೂ ಬಿಡದೆ, ಊಟದ ಬಿಡುವಿನಲ್ಲಿ ನನ್ನನ್ನು ಪ್ರಯೋಗಾಲಯದ ಕಪಾಟಿನ ಮುಂದೆ ನಿಲ್ಲಿಸಿ ಫೋನು ಹಿಡಿದರು. ಕೈಯಲ್ಲಿ ನಾಲ್ಕುನೂರು ಪುಟದ ಕಾದಂಬರಿ. “ಸ್ವಲ್ಪ ಶಾಕ್ ಆದಂಗೆ ಮುಖ ಮಾಡಿ ಮೇಡಂ. ಬಾಯಿ ಇನ್ನೂ ತೆಗೀರಿ.” ತೆಗೆದೆ. ಹೆಡ್‌ಮೇಡಂ ಆಗಲೇ ಒಳಗೆ ಬಂದವರು ನನ್ನನ್ನು ನೋಡಿ, ಹಲ್ಲು ನೋವಾ ಎಂದು ಕೇಳಿ, ಲವಂಗ ಇಟ್ಟುಕೊಳ್ಳಲು ಹೇಳಿ ಹೋದರು. ಆ ರೀಲ್ಸು ಮೇಷ್ಟ್ರ ಫೋನಿನಲ್ಲೇ ಇದೆ. ಅಳಿಸಿ ಎಂದು ಈಗಲೂ ಬೆನ್ನು ಹತ್ತಿದ್ದೇನೆ.

ಕೊನೆಗೆ ಹೆಸರನ್ನೇ ಬದಲಿಸಿದೆ. ಓದು, ಒಲವು, ಹೊತ್ತು ಎಂಬಂಥ ಮೃದು ಮಾತುಗಳನ್ನು ಜೋಡಿಸಿದ ಒಂದು ಸಭ್ಯ ಹೆಸರು. ಅಂಥ ಹೆಸರಿನ ಬ್ಲಾಗುಗಳು ಊರಿಗೆ ಹತ್ತು ಇರುತ್ತವೆ. ಕಾಲಂಗಳನ್ನೆಲ್ಲ ಕಿತ್ತುಹಾಕಿ ಒಂದು ಚೆಂದದ ಹೂವಿನ ಚಿತ್ರ ಹಾಕಿದೆ. ಮಾರನೆಯ ದಿನದಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅಂದರೆ ಇಷ್ಟು ದಿನ ಬಂದವರೆಲ್ಲ ಜಮೀನಿನವರೇ. ನನ್ನ ಬರಹ ನೋಡಿ ಬಂದವರು ಯಾರೂ ಇರಲಿಲ್ಲ. ಇಷ್ಟು ವರ್ಷ ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಅಕ್ಷರ ಒತ್ತಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು ಅಳು ಬಂತು. ಮುಂದಿನ ಪೀರಿಯಡ್ಡಿನಲ್ಲಿ ಎಂಟನೇ ಕ್ಲಾಸಿನವರಿಗೆ ಸುಮ್ಮಸುಮ್ಮನೆ ಬೈದೆ.

ಒಂದು ವಾರ ಆ ಮೌನವನ್ನು ಸಹಿಸಿದೆ. ಬೈಯುವವರಾದರೂ ಇರಲಿ ಎಂದು ಹಳೆಯ ಹೆಸರನ್ನೂ ಹಳೆಯ ಕಾಲಂಗಳನ್ನೂ ವಾಪಸು ತಂದೆ. ಮೇಲೆ ದೊಡ್ಡ ಅಕ್ಷರದಲ್ಲಿ, ‘ಇದು ಜಮೀನಿನ ಪಹಣಿ ಅಲ್ಲ. ಅದು ಬೇಕಾದವರು ಹತ್ತಿರದ ನಾಡಕಚೇರಿಗೆ ಹೋಗಿ. ಪುಸ್ತಕದ ಬಗ್ಗೆ ಮಾತಾಡುವುದಿದ್ದರೆ ಮಾತ್ರ ಫೋನ್ ಮಾಡಿ’ ಎಂದು ಬರೆದು ನನ್ನ ನಂಬರು ಹಾಕಿದೆ. ನಂಬರು ಹಾಕಿದ್ದೇ ತಡ, ಜಡೆಯಿಂದ ಒಬ್ಬರು ಫೋನ್ ಮಾಡಿ ನಾಡಕಚೇರಿ ಎಷ್ಟು ಗಂಟೆಗೆ ತೆಗೆಯುತ್ತದೆ ಎಂದು ಕೇಳಿದರು.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೊರಬದಿಂದ ಬಸ್ಸು ಹತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು. ಹೆಂಗಸಿನ ದನಿ.

“ಪಹಣಿ ಬರಿಯೋ ಮೇಡಂ ಅವ್ರೇನ್ರಿ?”

“ನಾಡಕಚೇರಿಗೆ ಹೋಗಿ,” ಎಂದು ಇಡಲು ಹೋದೆ.

“ಅದು ಗೊತ್ತೈತಿ ಬಿಡ್ರಿ. ನಾನು ಮಾತಾಡ್ಬೇಕಾಗಿದ್ದು ಆ ಅಣ್ಣ ತಂಗಿ ಕಥಿ ಬಗ್ಗೆ. ಅದ್ರಾಗ ನೀವು ತಪ್ಪು ಬರ್ದೀರಿ.”

ಅಣ್ಣ ತಂಗಿಯ ಕಥೆ ಎಂದರೆ ಒಂದು ಕಾದಂಬರಿಗೆ ನಾನು ಮಳೆಗಾಲದಲ್ಲಿ ಬರೆದಿದ್ದ ಪಹಣಿ. ಅದರ ಕೊನೆಯಲ್ಲಿ ತಂಗಿ ತನ್ನ ಪಾಲಿನ ಹಕ್ಕು ಬಿಟ್ಟುಕೊಟ್ಟು ಅಣ್ಣನಿಗೆ ಖುಲಾಸೆ ಪತ್ರ ಬರೆದುಕೊಡುತ್ತಾಳೆ. ನಾನು ಋಣದ ಕಾಲಂನಲ್ಲಿ, ‘ತಂಗಿ ನಗುನಗುತ್ತಾ ಸಹಿ ಹಾಕಿ ಹೋದಳು. ಋಣ ಇಲ್ಲ’ ಎಂದು ಬರೆದಿದ್ದೆ. ಚುಟುಕಾಗಿದೆ, ಚೆನ್ನಾಗಿದೆ ಎಂದುಕೊಂಡಿದ್ದೆ.

“ಪುಸ್ತಕ ಓದಿದೀರಾ ನೀವು?” ಎಂದು ಕೇಳಿದೆ.

“ಇಲ್ರಿ. ನೀವು ಬರ್ದಿದ್ದು ಓದೀನಿ. ಸಾಲ್ದಾ?”

ಕೋಪ ನೆತ್ತಿಗೇರಿತು. ಪುಸ್ತಕವನ್ನು ಕಣ್ಣಲ್ಲೂ ನೋಡದೆ ತಕರಾರು ತೆಗೆಯುತ್ತಾರಲ್ಲ. “ಕಾದಂಬರಿಯಲ್ಲಿ ಅವಳು ನಗ್ತಾಳೆ ಕಣ್ರಿ. ಬರೆದವರೇ ಹಾಗೆ ಬರೆದಿದ್ದಾರೆ. ಅವಳಿಗೆ ಬೇಜಾರೇ ಇಲ್ಲ. ನಾನೇನು ಹುಟ್ಟಿಸಿಕೊಂಡು ಹೇಳಿಲ್ಲ.”

“ನಕ್ಕಳು ಅಂದ್ರ ಋಣ ಇಲ್ಲ ಅಂತ ಹೆಂಗ ಬರಿತೀರಿ? ನಗ್ತಾ ಕೊಟ್ಟಿದ್ದು ಲೆಕ್ಕಕ್ಕಿಲ್ಲೇನ್ರಿ?”

“ಅವಳಾಗೇ ಬಿಟ್ಟುಕೊಟ್ಟ ಮೇಲೆ ಋಣ ಎಲ್ಲಿಂದ ಬಂತು? ಹಕ್ಕು ಅವಳದು, ಬಿಟ್ಟವಳೂ ಅವಳೇ.”

ನನ್ನ ದನಿ ಎಷ್ಟು ಏರಿತ್ತೆಂದರೆ ಮುಂದಿನ ಸೀಟಿನ ಹಿರಿಯರು ಹಿಂದೆ ತಿರುಗಿದರು. “ಕೋರ್ಟಿಗೆ ಮಾತ್ರ ಹೋಗ್ಬೇಡಿ ಮೇಡಂ. ಅಣ್ಣತಮ್ಮಂದಿರ ಹತ್ರ ಕೂತು ಬಗೆಹರಿಸ್ಕೊಳ್ಳಿ. ಕೋರ್ಟಿಗೆ ಹೋಗಿ ಗೆದ್ದೋನು ಸೋತ, ಸೋತೋನು ಸತ್ತ,” ಎಂದರು. ನಾನು ಕಾದಂಬರಿ ರೀ, ಕಾದಂಬರಿ ಎಂದೆ. ಅದು ಯಾವ ಊರು ಎಂದು ಕೇಳಿದರು.

ಫೋನಿನಲ್ಲಿ ಆಕೆ ನಿಲ್ಲಿಸಿರಲಿಲ್ಲ. “ನೋಡ್ರಿ ಮೇಡಂ, ಆವತ್ತು ಯಾರು ಅಳ್ತಾರ್ರಿ? ಅಣ್ಣ ಹೊಸ ಸೀರಿ ತಂದಿರ್ತಾನ. ಅತ್ತಿಗಿ ಹೋಳಿಗಿ ಮಾಡಿರ್ತಾಳ. ಉಡಿ ತುಂಬ್ತಾರ. ಆಫೀಸಿಗೆ ಕಾರಿನಾಗ ಕರ್ಕೊಂಡು ಹೋಗ್ತಾರ. ಅಲ್ಲಿ ಸಾಹೇಬ್ರು, ನಿಮ್ಮ ಮನಸ್ಸಿಂದ ಕೊಡಾಕತ್ತೀರೇನಮ್ಮ ಅಂತ ಕೇಳ್ತಾರ. ಅಣ್ಣ ಬಾಜೂಕೇ ನಿಂತಿರ್ತಾನ. ನಗದೆ ಇನ್ನೇನು ಮಾಡ್ಲಿ ನಾನು?”

‘ಅವಳು’ ಹೋಗಿ ‘ನಾನು’ ಬಂದದ್ದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು.

ಆಮೇಲೆ ಅವರೇ ಹೇಳಿದರು. ಮದುವೆ ಮಾಡಿ ಕೊಟ್ಟಿದ್ದು ತೊಗರ್ಸಿಗೆ. ಗಂಡ, ಮಕ್ಕಳು, ಕುರಿ, ಜೋಳ, ಯಾವುದಕ್ಕೂ ಕೊರತೆಯಿಲ್ಲ. ಅಣ್ಣ ಒಳ್ಳೆಯವನೇ, ಹಬ್ಬಕ್ಕೆ ಕರೆಯುತ್ತಾನೆ. ಆಸ್ತಿಯ ಆಸೆಯಿಂದ ಹುಡುಕಿದ್ದಲ್ಲ. ತವರಿನ ಪಹಣಿಯಲ್ಲಿ ಅಪ್ಪನ ಹೆಸರಿನ ಕೆಳಗೆ ತನ್ನ ಹೆಸರು ಇನ್ನೂ ಇದೆಯಾ ಎಂದು ಒಮ್ಮೆ ನೋಡಬೇಕೆನ್ನಿಸಿತ್ತು, ಅಷ್ಟೆ. ಮಗಳ ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ನನ್ನದು. ಆಮೇಲೆ ನಿಜವಾದದ್ದೂ ಸಿಕ್ಕಿತು. ಅದರಲ್ಲಿ ಅವರ ಹೆಸರಿರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು. ಆದರೆ ಋಣ ಇಲ್ಲ ಎಂದು ಯಾರೋ ಅಚ್ಚುಕಟ್ಟಾಗಿ ಬರೆದದ್ದನ್ನು ಓದಿ ಎರಡು ದಿನ ಸಿಟ್ಟು ಇಳಿಯಲಿಲ್ಲವಂತೆ.

“ಆ ಕಾಲಂ ತಿದ್ದ್ರಿ,” ಎಂದರು.

ನಾನು ಒಪ್ಪಲಿಲ್ಲ. ನನ್ನದೂ ಹಟವೇ. ಪುಸ್ತಕ ಓದಿ ನನಗನ್ನಿಸಿದ್ದನ್ನು ಬರೆದಿದ್ದೇನೆ, ನಿಮಗೆ ಬೇರೆ ಅನ್ನಿಸಿದರೆ ಅದನ್ನೂ ಬರೆಯೋಣ, ನನ್ನದನ್ನು ಅಳಿಸುವುದಿಲ್ಲ ಎಂದೆ. ಖಾತೆ ಬದಲಾಗುವಾಗ ಯಾರದಾದರೂ ಆಕ್ಷೇಪ ಇದ್ದರೆ ಹೇಳಿಕೊಳ್ಳಲು ಅವಕಾಶ ಕೊಡುತ್ತಾರಲ್ಲ, ಹಾಗೆ ಪ್ರತಿ ಪುಸ್ತಕದ ಕೆಳಗೆ ‘ತಕರಾರು’ ಎಂದು ಹೊಸ ಕಾಲಂ ಮಾಡುತ್ತೇನೆ, ಮೊದಲನೆಯದು ನಿಮ್ಮದು ಎಂದೆ. ಗಂಡನೂ ಮೇಷ್ಟ್ರೂ ಇಷ್ಟು ದಿನ ತಲೆ ತಿಂದರೂ ಹೊಳೆಯದ್ದು ಬಸ್ಸಿನಲ್ಲಿ ಜಗಳಾಡುವಾಗ ಹೊಳೆಯಿತು. ಸಿಟ್ಟಿನಲ್ಲೇ ಇದ್ದೆ, ಆದರೆ ಆ ಸಿಟ್ಟು ಎಷ್ಟು ಹಿತವಾಗಿತ್ತೆಂದರೆ ಶಿರಾಳಕೊಪ್ಪ ದಾಟಿದ್ದೇ ಗೊತ್ತಾಗಿರಲಿಲ್ಲ.

“ಹೇಳ್ರಿ, ಬರ್ಕೋತೀನಿ,” ಎಂದೆ.

ಆಕೆ ನಿಧಾನವಾಗಿ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಹೇಳಿದರು. “ಸಹಿ ಹಾಕೋವಾಗ ನಗೋದು ಪದ್ಧತಿ. ಅದನ್ನ ನೋಡಿ ಋಣ ಇಲ್ಲ ಅಂತ ಯಾರೂ ಬರೀಬಾರ್ದು.”

ಬರೆದುಕೊಂಡೆ. ಕೆಳಗೆ ಓದುಗರು ಎಂದಷ್ಟೇ ಹಾಕಬಹುದು, ಮನೆಯವರು ಯಾರಾದರೂ ನೋಡಿ ಬೇಜಾರಾಗುವುದು ಬೇಡ ಎಂದು ನಾನೇ ಹೇಳಿದೆ. ಆಚೆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು.

“ಇಲ್ರಿ, ಹೆಸರು ಹಾಕ್ರಿ,” ಎಂದರು ಆಕೆ. “ಅಪ್ಪನ ಹೆಸರೂ ಸೇರಿಸಿ ಹಾಕ್ರಿ. ಒಂದು ಪಹಣಿಯಾಗರ ಇರ್ಲಿ.”