ಕಮಾನು ಬಿದ್ದ ವರ್ಷ

ನಮ್ಮ ಮಗ್ಗದ ಮನೆಗೆ ಬಿ.ಎ. ಬರುವುದೇ ಇಲ್ಲ ಎಂದವರು ನನ್ನ ಸೋದರತ್ತೆ. “ನಿಮ್ಮಪ್ಪ ಹೇಳೋ ಆ ಸಮುದ್ರದ ಕಲ್ಲುಕಮಾನು ಬೀಳ್ಲಿ ಸಾಮಿ, ಆಗ ನೀನು ಪಾಸಾಗ್ತೀಯ” ಎಂದು ನಗುತ್ತಿದ್ದರು.

ಆ ಹೆಸರಾಂತ ಕಮಾನನ್ನು ನಮ್ಮಲ್ಲಿ ನೋಡಿದ್ದವರು ಅಪ್ಪ ಒಬ್ಬರೇ. ಎಳೆಯ ವಯಸ್ಸಿನಲ್ಲಿ ಸೀರೆಗಂಟು ಹೊತ್ತು ಪಡುವಣ ಕರಾವಳಿಗೆ ಮಾರಲು ಹೋದಾಗ, ಅಲೆಗಳು ಕೊರೆದ ಆ ಬಂಡೆಯ ಕೆಳಗೆ ದೋಣಿಗಳು ಹಾದುಹೋಗುವುದನ್ನು ಕಂಡಿದ್ದರಂತೆ. ಮಗ್ಗದ ಕುಳಿಯಲ್ಲಿ ಕಾಲಿಟ್ಟು ಮಬ್ಬು ಬೆಳಕಿನಲ್ಲಿ ನೇಯ್ದು ನೇಯ್ದು ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ಪಾಸಾದ ಕೂಡಲೇ ನಮಗೆ ಹತ್ತಿರದ ಪೋತ್ತನೂರಿನಲ್ಲಿ ರೈಲು ಹತ್ತಿಸಿ, ಕಣ್ಣಿರುವಾಗಲೇ ಅದನ್ನು ಇನ್ನೊಮ್ಮೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಆ ಆಸೆಯಲ್ಲೇ ಅವರು ನೇಯ್ದರು, ನಾನು ಓದಿದೆ.

ಕಡೆಯ ಪರೀಕ್ಷೆ ಬರೆದ ವರ್ಷದ ಮಳೆಗಾಲದಲ್ಲಿ ಕಮಾನು ಕುಸಿದು ಕಡಲು ಸೇರಿತು. ಸುದ್ದಿ ತಂದವನು ನೂಲಿನ ವ್ಯಾಪಾರಿ.

“ಯಾರು ಕೆಡವಿದ್ದು?” ಎಂದು ಅಪ್ಪ ಕೇಳಿದರು.

“ಯಾರೂ ಇಲ್ಲ ಅಣ್ಣಾ. ಕೊರೆದ ನೀರೇ ತಿಂದ್ಹಾಕ್ತು.”

ಅಪ್ಪ ಲಾಳಿ ಕೆಳಗಿಟ್ಟರು. ಆ ದಿನ ಮತ್ತೆ ಎತ್ತಲಿಲ್ಲ.

ಪದವಿ ಪತ್ರ ಬರುವ ಹೊತ್ತಿಗೆ ಅವರಿಗೆ ಬೆಳಕೂ ಕಾಣುತ್ತಿರಲಿಲ್ಲ. ನಮ್ಮ ಮನೆತನದ ಮೊದಲ ಪದವೀಧರ ನಾನು. ಆ ಹೆಮ್ಮೆಯನ್ನು ಇಂದಿಗೂ ಬಿಟ್ಟುಕೊಡುವುದಿಲ್ಲ. ಅಂದು ಅತ್ತೆ ಬಾಗಿಲಲ್ಲಿ ನಿಂತಿದ್ದರು. ಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಮಗ್ಗದಿಂದ ಇಳಿಸಿದ ಸೀರೆಯನ್ನು ನೋಡುವಂತೆ ಅದನ್ನು ಹೆಬ್ಬೆರಳಿನಿಂದ ಉಜ್ಜಿ, ತುದಿಯವರೆಗೂ ಸವರಿದರು.

“ಗಂಜಿ ಚೆನ್ನಾಗಿ ಕೊಟ್ಟವ್ರೆ ಸಾಮಿ” ಎಂದರು. “ಅಂಚೇ ಇಲ್ವಲ್ಲ.”